ಭೀಮಾಬಾಯಿಯ ಬಲಗಾಲು

ಮೊನ್ನೆ ಶನಿವಾರ ಬೆಳಗ್ಗೆ ನಮ್ಮ ಮನೆಯ ನೆಲದ ಮೇಲೆ ರಕ್ತದ ಹನಿಗಳು ಕಂಡವು. ಅಡುಗೆ ಕಟ್ಟೆಯ ಕೆಳಗೆ ಒಂದು, ಫ್ರಿಜ್ಜಿನ ಮುಂದೆ ಎರಡು, ಅಲ್ಲಿಂದ ನಡುಮನೆಯ ಕಡೆಗೆ ಒಂದು ಸಾಲು. ಮಗಳು ಜಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಏನೋ ಕೊಯ್ದುಕೊಂಡಿದ್ದಾಳೆ ಎಂದು ನನ್ನ ಎದೆ ಧಸಕ್ಕೆಂದಿತು. ಅವಳನ್ನು ಕೂಗುತ್ತ ಹನಿಗಳ ಜಾಡು ಹಿಡಿದು ಹೋದೆ. ಜಾಡು ನಡುಮನೆ ದಾಟಿ ಬಾಲ್ಕನಿಗೆ ಹೋಗಿ, ಅಲ್ಲಿಂದ ತಿರುಗಿ ಮಲಗುವ ಕೋಣೆಗೆ ಬಂದು, ಮತ್ತೆ ಅಡುಗೆಮನೆಗೇ ಬಂದು ನಿಂತಿತು. ಮೊದಲು ಒಂದು ಹನಿ ಇದ್ದ ಜಾಗದಲ್ಲಿ ಈಗ ಮೂರು ಇದ್ದವು. ಮನೆಯಲ್ಲಿ ನನ್ನ ಕಣ್ಣಿಗೆ ಕಾಣದೆ ಯಾರೋ ನನ್ನ ಜೊತೆಜೊತೆಗೇ ಓಡಾಡುತ್ತಿದ್ದಾರೆ ಅನ್ನಿಸಿ ಬೆನ್ನು ತಣ್ಣಗಾಯಿತು. ಅಷ್ಟರಲ್ಲಿ ಜಾನು ಬೂಟು ಹಾಕಿಕೊಂಡು ಬಾಗಿಲಲ್ಲಿ ಬಂದು ನಿಂತು, ನನ್ನ ಪಾದ ತೋರಿಸಿ, "ಅಮ್ಮಾ, ಅದು ನೀನೇ" ಎಂದಳು.

ನೋಡಿದರೆ ಎಡಗಾಲಿನ ಹಿಮ್ಮಡಿಯಲ್ಲಿ ಒಂದು ಸಣ್ಣ ಮೊಳೆ ತಲೆಯವರೆಗೂ ಇಳಿದು ಕೂತಿತ್ತು. ಮೊಳೆ ಹೊತ್ತುಕೊಂಡು ನಾನು ಚಪಾತಿ ಲಟ್ಟಿಸಿದ್ದೆ, ಡಬ್ಬಿ ಕಟ್ಟಿದ್ದೆ, ಮಗಳಿಗೆ ಎರಡು ಸಲ ಬೈದೂ ಆಗಿತ್ತು.

ಆ ಅಂಗಾಲು ಸತ್ತು ಏಳು ವರ್ಷವಾಯಿತು. ಹೆದರಬೇಡಿ, ನೋಡಲು ಚೆನ್ನಾಗಿಯೇ ಇದೆ. ಬೆಚ್ಚಗಿದೆ, ಉಗುರು ಬೆಳೆಯುತ್ತದೆ, ಬಣ್ಣ ಹಚ್ಚಿದರೆ ಒಪ್ಪುತ್ತದೆ. ಆದರೆ ಅದಕ್ಕೆ ನಾನು ಯಾರೆಂದು ಗೊತ್ತಿಲ್ಲ. ಸ್ನಾನದ ಮನೆಯಲ್ಲಿ ಉಜ್ಜುವಾಗ ಕೈಗೆ ಪಾದ ಸಿಗುತ್ತದೆ, ಪಾದಕ್ಕೆ ಮಾತ್ರ ಕೈ ಸಿಗುವುದಿಲ್ಲ. ಚಿಕ್ಕವಳಿದ್ದಾಗ ನಮ್ಮಜ್ಜಿಯ ಕಾಲು ತೊಳೆಯುತ್ತಿದ್ದ ಹಾಗೆ, ಬೇರೆಯವರ ಕಾಲು. ಮೊದಮೊದಲು ಇದು ನನಗೆ ಭಯ ತರುತ್ತಿತ್ತು. ಈಗ ರೂಢಿಯಾಗಿದೆ. ಬೇರೆಯವರಿಗೆ ಹೇಳುವಾಗ "ಗರ್ಭಿಣಿಯಾಗಿದ್ದಾಗ ಡಿಸ್ಕ್ ಜಾರಿತ್ತು, ಅದರ ಗುರುತು" ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ. ಆ ಸಾಲಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಅದರಲ್ಲಿ ಭೀಮಾಬಾಯಿಯೂ ಇಲ್ಲ. ಮೊಳೆ ಕಿತ್ತು, ಹತ್ತಿ ಒತ್ತಿ ಹಿಡಿದು ಕೂತಿದ್ದಾಗ ಆಕೆ ನೆನಪಾದಳು. ನೆನಪಾದಳು ಅನ್ನುವುದೂ ಅಷ್ಟು ಸರಿಯಲ್ಲ, ಬಿಡಿ. ಮರೆತವರಲ್ಲವೇ ನೆನಪಾಗಬೇಕಾದ್ದು.

ನಾನು ದಾವಣಗೆರೆಯವಳು. ಮದುವೆಯಾಗಿ ಪುಣೆಗೆ ಬಂದೆ, ಧನಕವಡಿಯ ಒಂದು ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಗಂಡ ಗಿರೀಶ ಇಲ್ಲೇ ಹುಟ್ಟಿ ಬೆಳೆದವನು. ಅತ್ತೆ ವಿಜಯಪುರದ ಕಡೆಯವರು. ಮನೆಯಲ್ಲಿ ಅವರ ಕನ್ನಡ, ನನ್ನ ಕನ್ನಡ, ಇಬ್ಬರಿಗೂ ಬೇಸರ ಬಂದಾಗ ಮರಾಠಿ. ಆಗ ನಾವು ಕಾಲೇಜಿನ ಹಿಂದಿನ ಓಣಿಯ ಒಂದು ಕಟ್ಟಡದಲ್ಲಿ ಮೂರನೇ ಮಹಡಿಯಲ್ಲಿದ್ದೆವು. ನನಗೆ ಐದು ತಿಂಗಳು. ಅದಕ್ಕೆ ಹಿಂದಿನ ವರ್ಷ ಒಂದು ಕೂಸು ಮೂರನೇ ತಿಂಗಳಲ್ಲೇ ಹೋಗಿತ್ತು. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರೂ ನನ್ನನ್ನು ತುಂಬಿದ ಕೊಡದ ಹಾಗೆ ನೋಡುತ್ತಿದ್ದರು, ನಾನೂ ನನ್ನನ್ನು ಹಾಗೆಯೇ ನೋಡಿಕೊಳ್ಳುತ್ತಿದ್ದೆ.

ಒಂದು ದಿನ ಬಗ್ಗಿ ಬಕೆಟ್ಟಿನಿಂದ ಒದ್ದೆ ಬಟ್ಟೆ ಎತ್ತುವಾಗ ಸೀನು ಬಂತು. ಒಂದೇ ಸೀನು. ಸೊಂಟದಲ್ಲಿ ಏನೋ ಕಳಚಿದಂತಾಗಿ, ಎಡ ಪೃಷ್ಠದಿಂದ ಹಿಮ್ಮಡಿಯವರೆಗೆ ಬೆಂಕಿ ಹರಿಯಿತು. ಅತ್ತೆ ಬಂದು ಎತ್ತುವವರೆಗೆ ಬಟ್ಟೆ ಒಗೆಯುವ ಕಲ್ಲಿಗೆ ಆತುಕೊಂಡೇ ನಿಂತಿದ್ದೆ. ಜನ ಬಸ್ಸಿನಿಂದ ಬಿದ್ದೋ, ಮೆಟ್ಟಿಲು ಜಾರಿಯೋ ಬೆನ್ನು ಮುರಿದುಕೊಳ್ಳುತ್ತಾರೆ; ನಾನು ಸೀನಿ ಮುರಿದುಕೊಂಡೆ ಎಂದು ಹೇಳಿಕೊಳ್ಳಲು ಇವತ್ತಿಗೂ ನಾಚಿಕೆ.

ನಮ್ಮ ಹೆರಿಗೆ ಡಾಕ್ಟರು ವಯಸ್ಸಾದ ಮರಾಠಿ ಹೆಂಗಸು, ಮಾತು ಕಡಿಮೆ. ಮಂಚದ ಮೇಲೆ ಮಲಗಿಸಿ ಮೊಣಕಾಲು ಮಡಚದೆ ನನ್ನ ಕಾಲನ್ನು ಮೆಲ್ಲಗೆ ಎತ್ತಿದರು. ಒಂದು ಗೇಣು ಎತ್ತುವಷ್ಟರಲ್ಲಿ ನಾನು ಅವರ ಕೈ ಹಿಡಿದುಬಿಟ್ಟೆ. ಬೆನ್ನಿನ ಮೂಳೆಗಳ ನಡುವಿನ ಮೆತ್ತೆ ಜಾರಿ ಕಾಲಿನ ನರವನ್ನು ಒತ್ತುತ್ತಿದೆ, ಬಸುರಿನಲ್ಲಿ ಕೀಲಿನ ಕಟ್ಟುಗಳೆಲ್ಲ ಸಡಿಲವಾಗುತ್ತವೆ, ಹೆಚ್ಚಿನವರಿಗೆ ತಾನಾಗಿಯೇ ಇಳಿಯುತ್ತದೆ ಎಂದರು. ಮೊಣಕಾಲುಗಳ ನಡುವೆ ದಿಂಬಿಟ್ಟು ಮಗ್ಗುಲಾಗಿ ಮಲಗುವುದು, ಒಂದು ನೋವಿನ ಮಾತ್ರೆ, ಸ್ವಲ್ಪ ವ್ಯಾಯಾಮ. ಕೊನೆಗೆ ಒಂದು ಚೀಟಿಯಲ್ಲಿ ಮೂರು ಸಾಲು ಬರೆದು ಕೊಟ್ಟರು. ಪಾದ ಮೇಲೆತ್ತಲು ಆಗದಿದ್ದರೆ, ಕೂತ ಜಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಆ ಕ್ಷಣ ಆಸ್ಪತ್ರೆಗೆ ಬರಬೇಕು. ಇದರಲ್ಲಿ ಯಾವುದಾದರೂ ಒಂದು ಸಾಕು, ಮೂರೂ ಆಗಲಿ ಎಂದು ಕಾಯಬೇಡ ಎಂದು ನನ್ನ ಮುಖ ನೋಡಿ ಎರಡು ಸಲ ಹೇಳಿದರು. ಆ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಮನೆಯವರೆಲ್ಲ ಅದನ್ನು ಓದಿದ್ದರು. ಹೀಗಾಗಿ ಗೊತ್ತಿರಲಿಲ್ಲ ಎನ್ನುವ ಮಾತು ನನ್ನ ಬಾಯಿಂದ ಬರುವ ಹಾಗಿಲ್ಲ.

ಒಂದು ತಿಂಗಳು ನೋವು ನನ್ನನ್ನು ಹಣ್ಣು ಮಾಡಿತು. ಆಮೇಲೆ ಒಂದು ಬೆಳಗ್ಗೆ ಎದ್ದರೆ ಕಾಲಿನಲ್ಲಿ ನೋವೇ ಇಲ್ಲ. ಬೆನ್ನು ಹಿಡಿದೇ ಇತ್ತು, ಕಾಲು ಮಾತ್ರ ಹಗುರ. ಅತ್ತೆಗೆ ಹೇಳಿದೆ, ಅವರು ದೇವರಿಗೆ ತುಪ್ಪದ ದೀಪ ಹಚ್ಚಿದರು. ನಾನು ಖುಷಿಯಿಂದ ಅಡುಗೆಮನೆಗೆ ನಡೆದೆ. ನಡೆಯುವಾಗ ಹಿಂದಿನಿಂದ ಒಂದು ಸದ್ದು ಬಂತು. ಬರಿಗಾಲಿನಲ್ಲಿ ಯಾರೋ ನನ್ನ ಹಿಂದೆಯೇ ಬರುತ್ತಿರುವ ಹಾಗೆ, ಪಟ್, ಪಟ್. ನಿಂತರೆ ಅದೂ ನಿಲ್ಲುತ್ತಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ. ಬಾಗಿಲಿಂದ ಬಾಗಿಲಿಗೆ ನಾಲ್ಕು ಸಲ ನಡೆದ ಮೇಲೆ ತಿಳಿಯಿತು, ಅದು ನನ್ನದೇ ಎಡಪಾದ. ಮೇಲೆತ್ತಲು ಬಾರದೆ ನೆಲಕ್ಕೆ ಬಡಿಯುತ್ತಿತ್ತು. ಫ್ರಿಜ್ಜಿನ ಮುಂದೆ ನಿಂತು ಚೀಟಿಯ ಮೊದಲ ಸಾಲು ಓದಿದೆ. ಓದಿ, ಹಾಲು ತೆಗೆದುಕೊಂಡು ಬಾಗಿಲು ಹಾಕಿದೆ.

ಯಾಕೆ ಅಂತೀರಾ? ಆಸ್ಪತ್ರೆಗೆ ಹೋದರೆ ಯಂತ್ರದೊಳಗೆ ಹಾಕುತ್ತಾರೆ, ಬೆನ್ನು ಕೊಯ್ಯುತ್ತಾರೆ, ಕಾಲು ಬೇಕೋ ಕೂಸು ಬೇಕೋ ಎಂದು ಕೇಳುತ್ತಾರೆ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಉತ್ತರವನ್ನೂ ಕೊಟ್ಟುಬಿಟ್ಟಿದ್ದೆ. ಕಾಲು ಹೋದರೆ ಹೋಗಲಿ. ಎಂ.ಆರ್.ಐ. ಯಂತ್ರದಲ್ಲಿ ಎಕ್ಸ್‌ರೇ ಇಲ್ಲ, ಬರೀ ಅಯಸ್ಕಾಂತ, ರೇಡಿಯೊ ಅಲೆ ಎಂದು ಹನ್ನೆರಡನೇ ತರಗತಿಗೆ ವರ್ಷವರ್ಷವೂ ಪಾಠ ಮಾಡುವವಳು ನಾನು. ಆ ಪಾಠದ ಒಂದಕ್ಷರವೂ ನನ್ನ ಸಹಾಯಕ್ಕೆ ಬರಲಿಲ್ಲ. ಮೂರು ದಿನ ಸುಮ್ಮನಿದ್ದೆ. ಎರಡನೆಯ ದಿನ ಕುರ್ಚಿಯ ಮೇಲೆ ಕೂತರೆ ಕುರ್ಚಿ ಇದೆಯೋ ಇಲ್ಲವೋ ತಿಳಿಯಲಿಲ್ಲ. ಕೈಯಿಂದ ಮುಟ್ಟಿ ನೋಡಿಕೊಂಡು ಕೂತೆ. ಮೂರನೆಯ ದಿನ ಬೆಳಗ್ಗೆಯಿಂದ ಬಚ್ಚಲಲ್ಲಿ ಎಷ್ಟು ಹೊತ್ತು ಕೂತರೂ ಮೂತ್ರ ಬರಲಿಲ್ಲ. ಹೊಟ್ಟೆಯೊಳಗೆ ಕೂಸು ಮಾತ್ರ ಎಂದಿಗಿಂತ ಹೆಚ್ಚು ಒದೆಯುತ್ತಿತ್ತು, ಅದೇ ನನಗೆ ಸಮಾಧಾನ.

ಕಾಲೆಳೆಯುವುದನ್ನು ಅತ್ತೆ ನೋಡಿದರು. "ಬೆನ್ನಾಗ ಉಸಣ್ ಹಿಡದದವಾ, ಅದಕ್ಕs ಕಾಲ ಎಳಿತೀದಿ. ಡಾಕ್ಟರಿಗೆ ಇದು ತಿಳಿಯಂಗಿಲ್ಲ. ಪಾಯಾಳು ಕಾಲ ಮುಟ್ಟಿಸಿದ್ರ ಒಂದs ಸಲಕ್ಕ ಬಿಡ್ತದ" ಎಂದರು. ಉಸಣ್ ಎಂದರೆ ಉಳುಕು. ಪಾಯಾಳು ಎಂದರೆ ತಾಯಿಯ ಹೊಟ್ಟೆಯಿಂದ ತಲೆಯ ಬದಲು ಕಾಲು ಮುಂದಾಗಿ ಹುಟ್ಟಿದವರು. ಅಂಥವರು ಬೆನ್ನಿಗೆ ಕಾಲು ತಾಗಿಸಿದರೆ ಹಿಡಿದ ಸೊಂಟ ಬಿಡುತ್ತದೆ ಎಂಬ ನಂಬಿಕೆ ಇಲ್ಲಿಯೂ ಇದೆ, ನಮ್ಮ ಕಡೆಯೂ ಇದೆ. ಗುಡುಗು ಮಿಂಚಿದ್ದಾಗ ಅವರು ಬಯಲಿಗೆ ಹೋಗಬಾರದು, ಸಿಡಿಲು ಅವರನ್ನು ಹುಡುಕಿಕೊಂಡು ಬರುತ್ತದೆ ಎಂದೂ ಹೇಳುತ್ತಾರೆ. ಬೇರೆ ದಿನವಾಗಿದ್ದರೆ ನಾನು ನಕ್ಕು ಅತ್ತೆಗೆ ಸಿಟ್ಟು ಬರಿಸುತ್ತಿದ್ದೆ. ಅವತ್ತು ಕೂಡಲೇ ಒಪ್ಪಿದೆ. ಕಾಲು ತಾಗಿಸುವವರು ಆಸ್ಪತ್ರೆಗೆ ಹಾಕುವುದಿಲ್ಲವಲ್ಲ.

ನಮ್ಮ ಕಟ್ಟಡದ ವಾಚ್‌ಮನ್ನನ ಹೆಂಡತಿಯೇ ಪಾಯಾಳು. ಅವಳೇ ಭೀಮಾಬಾಯಿ. ಯಾದಗಿರಿಯ ಶಹಾಪುರದ ಕಡೆಯಿಂದ ಗಂಡನ ಜೊತೆ ಸಿಮೆಂಟ್ ಹೊರುವ ಕೆಲಸಕ್ಕೆ ಬಂದು, ಈ ಕಟ್ಟಡ ಮುಗಿದ ಮೇಲೆ ಅದರ ಮೆಟ್ಟಿಲ ಕೆಳಗಿನ ಖೋಲಿಯಲ್ಲೇ ಉಳಿದುಕೊಂಡವಳು. ಐವತ್ತರ ಆಸುಪಾಸು, ಒಣಗಿದ ಮೈ, ದೊಡ್ಡ ಪಾದಗಳು. ಓಣಿಯ ಅರ್ಧ ಜನರ ಬೆನ್ನಿಗೆ ಅವಳ ಬಲಗಾಲು ತಾಗಿತ್ತು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ಅವಳು ಬಂದದ್ದು ಮಧ್ಯಾಹ್ನ ಮೂರಕ್ಕೆ. ಕಾತ್ರಜ್ ಗುಡ್ಡದ ಕಡೆಯಿಂದ ಮೋಡ ಇಳಿದು ಮನೆಯೊಳಗೆ ದೀಪ ಹಾಕುವಷ್ಟು ಕತ್ತಲಾಗಿತ್ತು, ಕರೆಂಟು ಇರಲಿಲ್ಲ. ಬಲಗಾಲು ತೊಳೆದು, ಅರಿಸಿನ ಹಚ್ಚಿಕೊಂಡು, ಒಳಗೆ ಬಂದಳು. ನನ್ನನ್ನು ಚಾಪೆಯ ಮೇಲೆ ಬಲಮಗ್ಗುಲಾಗಿ ಮಲಗಿಸಿದರು. ಎದುರಿಗೆ ಬೀರುವಿನ ಕನ್ನಡಿ. ಅದರಲ್ಲಿ ನನ್ನ ಮುಖ, ಹಿಂದೆ ಗೋಡೆ ಹಿಡಿದು ನಿಂತ ಆಕೆಯ ಸೀರೆ, ಹಳದಿ ಪಾದ. ಅತ್ತೆಯನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದಳು. ಕಾಲು ತಾಗಿಸುವಾಗ ಮೂರನೆಯವರು ನೋಡಬಾರದಂತೆ.

ಮೊದಲು ಪಕ್ಕೆಯ ಕೆಳಗೆ ಅವಳ ಹೆಬ್ಬೆರಳು ತಾಗಿತು. ಒತ್ತಲಿಲ್ಲ, ಸುಮ್ಮನೆ ತಾಗಿತು ಅಷ್ಟೆ. ಅದೇ ಕ್ಷಣ ಒಳಗಿನಿಂದ ಕೂಸು ಒದೆಯಿತು. ಅವಳು ಕಾಲು ತೆಗೆದು ಮತ್ತೆ ತಾಗಿಸಿದಳು. ಮತ್ತೆ ಒದೆಯಿತು. ಮೂರನೆಯ ಸಲವೂ ಹಾಗೆಯೇ ಆಯಿತು. ಅವಳು, "ಒಳಗಿಂದು ನಿಂತದ್ರೀ" ಎಂದಳು.

"ಏನು ಹಾಗಂದ್ರೆ?"

"ನಿಂತದ. ತಲಿ ಮ್ಯಾಲ, ಕಾಲ ಕೆಳಗ. ನನ್ನಂಗೇ ಅದ."

ಅವಳ ಪಾದ ಸೊಂಟದಿಂದ ಕೆಳಕ್ಕೆ ಇಳಿಯುತ್ತ ಬಂತು. ಎರಡು ಬೆರಳಿನಷ್ಟು ಇಳಿಯುವವರೆಗೆ ಗೊತ್ತಾಯಿತು. ಆಮೇಲೆ ಏನೂ ಇಲ್ಲ. ಅವಳು ಕಾಲು ತೆಗೆದಿರಬೇಕು ಎಂದುಕೊಂಡೆ.

"ಯಾಕೆ ನಿಲ್ಲಿಸಿದ್ರಿ?" ಎಂದೆ.

"ನಿಲ್ಲಿಸಿಲ್ಲಲ್ರೀ," ಎಂದಳು. "ಕಾಲ ಇಲ್ಲೇ ಅದ."

ಕನ್ನಡಿಯಲ್ಲಿ ನೋಡಿದೆ. ಆ ದೊಡ್ಡ ಹಳದಿ ಪಾದ ನನ್ನ ಪೃಷ್ಠದ ಮೇಲೆ ಇಡಿಯಾಗಿ ಊರಿತ್ತು. ಕಣ್ಣಿಗೆ ಕಾಣುತ್ತಿದೆ, ಮೈಗೆ ಇಲ್ಲ. ಕನ್ನಡಿಯಲ್ಲಿ ಮಲಗಿದ್ದವಳು ನಾನಲ್ಲ, ನನ್ನ ಸೀರೆ ಉಟ್ಟ ಬೇರೆ ಯಾರೋ ಅನ್ನಿಸಿತು. ಎಂಥ ಹೆದರಿಕೆ ಅಂತ ಹೇಳಲಿ. ಹೆಣಕ್ಕೆ ತನ್ನನ್ನು ಮುಟ್ಟುವವರು ಕಂಡರೆ ಹೀಗೇ ಕಾಣುತ್ತದೇನೋ.

ಭೀಮಾಬಾಯಿ ಕಾಲು ತೆಗೆದು ಕೆಳಗೆ ಕೂತಳು. ಮೂಲೆಯ ಪೊರಕೆಯಿಂದ ಒಂದು ಕಡ್ಡಿ ಎಳೆದು ನನ್ನ ಎಡ ಅಂಗಾಲಿಗೆ ಗೀರಿದಳು. "ತಿಳೀತೇನ್ರೀ?" ಇಲ್ಲ. ಮತ್ತೆ ಗೀರಿದಳು. ಇಲ್ಲ. ಅವಳ ದನಿ ಬದಲಾಯಿತು.

"ಒಂದಕ್ಕ ಹೋಗಿದ್ರೇನು ಇವತ್ತ?"

ನಾನು ಕನ್ನಡಿಯಿಂದ ಕಣ್ಣು ತೆಗೆದೆ. ಅವಳು ಕಡ್ಡಿ ಕೆಳಗಿಟ್ಟಳು. "ಸೈಟಿನಾಗ ಮ್ಯಾಲಿಂದ ಬಿದ್ದೋರ ಕಾಲ ಹಿಂಗ ಆಗೂದು ನೋಡೀನ್ರೀ ನಾ. ಕಾಲ ಸತ್ತದ ಇದು. ಯಾವಾಗಿಂದ ಹಿಂಗದ? ಖರೇ ಹೇಳ್ರೀ."

ಖರೇ ಹೇಳಬೇಕಿತ್ತು. ಹೊರಗೆ ಅತ್ತೆ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದರು. ಅವರ ನೆರಳು ಸಂದಿಯಲ್ಲಿ ಕಾಣುತ್ತಿತ್ತು. ಮೂರು ದಿನದಿಂದ ಎಂದರೆ, ಮೂರು ದಿನ ಮುಚ್ಚಿಟ್ಟು ಕೂಸಿನ ಜೀವಕ್ಕೆ ಸಂಚಕಾರ ತಂದವಳು ಎಂದು ಜನ್ಮವಿಡೀ ಅನ್ನಿಸಿಕೊಳ್ಳಬೇಕು. ನನ್ನ ಬಾಯಿಂದ ಬಂದದ್ದು ಇಷ್ಟು: "ಈಗ. ನೀವು ಕಾಲಿಟ್ಟ ಮೇಲೆ."

ಅವಳು ಬಾಯಿ ತೆರೆದು ತನ್ನ ಬಲಗಾಲನ್ನು ನೋಡಿಕೊಂಡಳು. ಆಮೇಲೆ ಎದ್ದು ಬಾಗಿಲು ತೆಗೆದು, "ಅಮ್ಮಾರೆ, ರಿಕ್ಷಾ ತರಸ್ರೀ, ಈಗಿಂದೀಗ" ಎಂದು ಅತ್ತೆಗೆ ಹೇಳಿದಳು. ಮೂರು ಮಹಡಿ ನನ್ನನ್ನು ಕುರ್ಚಿಯ ಮೇಲೆ ಇಳಿಸಿದವರಲ್ಲಿ ಅವಳೂ ಒಬ್ಬಳು. ಹೊರಗೆ ಮಿಂಚುತ್ತಿತ್ತು. ಅವಳು ರಸ್ತೆಯ ನಡುವೆ ನಿಂತು ರಿಕ್ಷಾಕ್ಕೆ ಕೈ ಮಾಡುತ್ತಿದ್ದದ್ದು ನೆನಪಿದೆ.

ಆಸ್ಪತ್ರೆಯಲ್ಲಿ ನಳಿಕೆ ಹಾಕಿದ ಕೂಡಲೇ ಚೀಲ ತುಂಬಿತು, ಇನ್ನೊಂದು ಚೀಲ ಬೇಕಾಯಿತು. ಡಾಕ್ಟರು ಚೀಲ ನೋಡಿದರು, ನನ್ನ ಕಾಲು ನೋಡಿದರು. "ಹೇ ಆಜಚಂ ನಾಹೀ," ಎಂದರು. ಇದು ಇವತ್ತಿನದಲ್ಲ. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಗಿರೀಶ ಇನ್ನೂ ಕಾರ್ಖಾನೆಯಿಂದ ಬಂದಿರಲಿಲ್ಲ, ಅತ್ತೆ ಹೊರಗಿದ್ದರು. ಡಾಕ್ಟರು ಮತ್ತೆ ಕೇಳಲಿಲ್ಲ.

ಯಂತ್ರದೊಳಗೆ ಹಾಕಿದರು. ಬಿಳಿ ಕೊಳವೆ, ಮೂಗಿಗೆ ಒಂದು ಗೇಣು ದೂರದಲ್ಲಿ ಛಾವಣಿ, ಬಡಿತ. ಯಾರೋ ಗೋಡೆಯ ಆಚೆಯಿಂದ ಬಾಗಿಲು ತೆಗೆಯಿರಿ ಎಂದು ಬಡಿಯುತ್ತಿದ್ದ ಹಾಗೆ. ಒಳಗಿನಿಂದ ಕೂಸೂ ಬಡಿಯುತ್ತಿತ್ತು. ನಡುವೆ ನಾನು ಗೋಡೆಯ ಹಾಗೆ ಮಲಗಿದ್ದೆ. ಆಮೇಲೆ ಬೆನ್ನುಮೂಳೆಯ ಸರ್ಜನ್ ಬಂದು ಪರದೆಯ ಮೇಲೆ ಚಿತ್ರ ತೋರಿಸಿದರು. ಮೂಳೆಗಳ ಸಾಲು, ಕೆಳಗಿನ ಎರಡರ ನಡುವಿನಿಂದ ಹೊರಗೆ ಚಾಚಿದ ಕಪ್ಪು ನಾಲಿಗೆ. ಆ ನಾಲಿಗೆಯ ಕೆಳಗೆ ನರಗಳು ಅಪ್ಪಚ್ಚಿ. ಅದರ ಮುಂದೆಯೇ, ಅದೇ ಚಿತ್ರದಲ್ಲಿ, ನನ್ನ ಮಗಳು ಇದ್ದಳು. ಬೆನ್ನಿನ ಚಿತ್ರ ತೆಗೆದರೆ ಹೊಟ್ಟೆಯಲ್ಲಿರುವುದೂ ಬರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ತಲೆ ಮೇಲೆ, ಕಾಲು ಕೆಳಗೆ. ಭೀಮಾಬಾಯಿ ಹೇಳಿದ ಹಾಗೆ ನಿಂತಿದ್ದಳು. ಒಂದು ಅಂಗಾಲು ನನ್ನ ಬೆನ್ನಿನ ಕಡೆಗೇ ಇತ್ತು.

"ಕಾಲು ಬೇಡ, ಕೂಸು ಉಳಿಸಿ" ಎಂದೆ. ಸರ್ಜನ್ ಇನ್ನೂ ಹುಡುಗನ ಹಾಗಿದ್ದರು. ಬೇಸರದಿಂದಲೇ, "ಯಾರು ಹೇಳಿದ್ದು ಒಂದನ್ನು ಆರಿಸಬೇಕು ಅಂತ? ಎರಡೂ ಉಳಿಯುತ್ತವೆ. ಆಪರೇಶನ್ ಬೆನ್ನಿಗೆ ಮಾತ್ರ, ಇವತ್ತೇ. ಬೇಗ ಬಂದಿದ್ದರೆ ಇಷ್ಟು ಕೆಡುತ್ತಿರಲಿಲ್ಲ" ಎಂದು ಹಿಂದಿಯಲ್ಲಿ ಹೇಳಿದರು. ಹೊಟ್ಟೆಗೆ ಭಾರ ಬೀಳದ ಹಾಗೆ ಮೆತ್ತೆಯ ಚೌಕಟ್ಟಿನ ಮೇಲೆ ಬೋರಲು ಮಲಗಿಸಿ, ಬೆನ್ನು ತೆರೆದು ಆ ನಾಲಿಗೆ ಕತ್ತರಿಸಿ ತೆಗೆದರು. ಆಪರೇಶನ್ನಿಗೆ ಮೊದಲೊಮ್ಮೆ, ಆಮೇಲೊಮ್ಮೆ ಕೂಸಿನ ಎದೆಬಡಿತ ಕೇಳಿಸಿದರು. ಆ ಸದ್ದು ಕೇಳಿ ಅತ್ತುಬಿಟ್ಟೆ. ನನ್ನ ಭಯವೆಲ್ಲ ನಾನೇ ಕಟ್ಟಿದ್ದು ಎಂದು ಅವತ್ತು ತಿಳಿಯಿತು. ಮೂತ್ರ ಮೂರು ವಾರಕ್ಕೆ ಸರಿಯಾಯಿತು. ಕಾಲು ಮುಕ್ಕಾಲು ಬಂತು, ಅಂಗಾಲು ಬರಲಿಲ್ಲ. ಜಾನು ತುಂಬು ದಿನಕ್ಕೆ ಸಿಸೇರಿಯನ್ನಿನಲ್ಲಿ ಹುಟ್ಟಿದಳು. ಆಗಲೂ ನಿಂತೇ ಇದ್ದಳು, ಮೊದಲು ಹೊರಬಂದದ್ದು ಕಾಲೇ. ಕೊಯ್ದು ತೆಗೆದದ್ದು ಪಾಯಾಳು ಹೌದೋ ಅಲ್ಲವೋ ಎಂದು ಅತ್ತೆಯ ಅಕ್ಕತಂಗಿಯರಲ್ಲಿ ಒಂದು ವಾರ ಚರ್ಚೆ ನಡೆದು, ತೀರ್ಮಾನವಾಗದೆ ಉಳಿಯಿತು.

ಆಪರೇಶನ್ ಆದ ಮೂರನೆಯ ದಿನ ಅತ್ತೆ ಗಂಜಿ ತಂದು ಬಾಯಿಗಿಡುತ್ತ, "ಆಕಿನ್ನ ಓಡಿಸಿಬಿಟ್ವಿ" ಎಂದರು. ಬಸುರಿಯ ಬೆನ್ನು ತುಳಿದು ಕಾಲು ಕೊಂದಳು ಎಂದು ಗಿರೀಶ ಕಟ್ಟಡದವರ ಮುಂದೆಲ್ಲ ಕೂಗಾಡಿದ್ದನಂತೆ. ಒಂದೇ ದಿನದಲ್ಲಿ ಖೋಲಿ ಖಾಲಿ ಮಾಡಿಸಿದ್ದರು. "ಒಂದ ಮಾತ ಎದುರ ಆಡಲಿಲ್ಲವಾ. ತಪ್ಪಾತ್ರೀ, ತಪ್ಪಾತ್ರೀ ಅಂತ ಅಷ್ಟs ಅಂದ್ಲು," ಎಂದರು ಅತ್ತೆ. ನಾನು "ಹೂಂ" ಎಂದು ಗಂಜಿ ಕುಡಿದೆ. ಆ ಹೂಂ ಹೇಗೆ ಬಂತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೈ ಸುಧಾರಿಸಲಿ, ಆಮೇಲೆ ಹೇಳೋಣ ಎಂದುಕೊಂಡೆ. ಹೆರಿಗೆಯಾಗಲಿ ಎಂದುಕೊಂಡೆ. ಆಮೇಲೆ ಮನೆ ಬದಲಾಯಿಸಿದೆವು. ಹೇಳದೆ ಬಿಟ್ಟ ಮಾತು ವರ್ಷ ಕಳೆದ ಹಾಗೆಲ್ಲ ಹೇಳುವುದಕ್ಕೆ ಕಷ್ಟವಾಗುತ್ತ ಹೋಗುತ್ತದೆ, ನಿಮಗೂ ಗೊತ್ತಿರಬಹುದು.

ಈ ಭಾನುವಾರ ಮನೆಯವರೆಲ್ಲ ಜೇಜುರಿಗೆ ಹೋದೆವು. ಖಂಡೋಬಾ ಅತ್ತೆಯ ಮನೆದೇವರು. ಹಿಮ್ಮಡಿಗೆ ಪಟ್ಟಿ ಕಟ್ಟಿದ್ದರಿಂದ ನಾನು ಗುಡ್ಡ ಹತ್ತಲಿಲ್ಲ. ಅವರು ಮೂವರೂ ಮೇಲೆ ಹೋದರು, ನಾನು ಕೆಳಗಿನ ಮೆಟ್ಟಿಲ ಬದಿಯಲ್ಲಿ ಕೂತೆ. ಹನ್ನೊಂದರ ಬಿಸಿಲು, ಗಾಳಿಯಲ್ಲೆಲ್ಲ ಭಂಡಾರದ ಅರಿಸಿನ. ಕಲ್ಲು, ನಾಯಿ, ಜನರ ಕೂದಲು, ಎಲ್ಲ ಹಳದಿ. ಪಕ್ಕದಲ್ಲಿ ದೇವರಿಗೆ ಹಾರಿಸುವ ಭಂಡಾರದ ಪೊಟ್ಟಣ ಇಟ್ಟುಕೊಂಡು ಒಬ್ಬ ಮುದುಕಿ ಕೂತಿದ್ದಳು. ಅಂಥ ಬಿಸಿಲಲ್ಲೂ ಕಾಲುಗಳನ್ನು ಗೋಣಿಚೀಲದೊಳಗೆ ತುರುಕಿಕೊಂಡಿದ್ದಳು. ಜನ ಹತ್ತಿರ ಬಂದರೆ ಇನ್ನೂ ಒಳಗೆ ಎಳೆದುಕೊಳ್ಳುತ್ತಿದ್ದಳು. ಗಿರಾಕಿಗೆ ಚಿಲ್ಲರೆ ಕೊಡುವಾಗ ಮಾತಾಡಿದಳು. ದನಿಯಿಂದ ಗುರುತು ಹಿಡಿದೆ.

"ಭೀಮಾಬಾಯಿ" ಎಂದೆ. ಮುಖ ನೋಡಿದಳು, ಗುರುತು ಸಿಗಲಿಲ್ಲ. ಧನಕವಡಿ, ಮೂರನೇ ಮಹಡಿ ಎಂದೆ. ಅವಳು, "ಮಾರಿ ನೆನಪಿಲ್ರೀ. ಜರಾ ತಿರುಗ್ರೀ" ಎಂದಳು. ತಿರುಗಿದೆ. ರವಿಕೆಯ ಮೇಲಿಂದಲೇ ಬೆನ್ನ ಮೇಲೆ ಅಂಗೈ ಇಟ್ಟಳು. ಕೈ ಕೆಳಗೆ ಬರುತ್ತ ಸರಿಯಾಗಿ ಗಾಯದ ಗುರುತಿನ ಮೇಲೆ ನಿಂತಿತು. "ಹೌದ್ರೀ," ಎಂದಳು ಮೆಲ್ಲಗೆ. "ನೀವs. ನಡೀತೀರೇನು? ಕೂಸು?"

"ನಡೀತೀನಿ. ಕೂಸು ಮೇಲೆ ಹೋಗಿದೆ, ಬರ್ತಾಳೆ. ನಿಮ್ಮ ಮನೆಯವರು?"

"ಅಂವ ಹೋಗಿ ಮೂರ ವರ್ಷಾತು." ಗೋಣಿಚೀಲ ನೋಡುತ್ತಿದ್ದೆ, ಅವಳಿಗೆ ತಿಳಿಯಿತು. "ಆವತ್ತಿಂದ ಯಾರಿಗೂ ತಾಗಿಸಿಲ್ರೀ. ಮಗಳಿಗೆ ಹೆರಿಗಿ ಆದ ಮ್ಯಾಲ ಸೊಂಟ ಹಿಡದು ಬಿದ್ದ ಬಿದ್ದ ಅತ್ಲು, ಯವ್ವಾ ಕಾಲ ಇಡು ಅಂತ. ಇಡಲಿಲ್ಲ. ಕೊಲ್ಲೂ ಕಾಲು ಇದು, ಹೊಟ್ಟಿಲೆ ಹುಟ್ಟಿದಾಕಿಗೆ ಹ್ಯಾಂಗ ಇಡ್ಲಿ?"

ಎಲ್ಲವನ್ನೂ ಹೇಳಿದೆ. ಕಾಲು ಮೂರು ದಿನ ಮೊದಲೇ ಸತ್ತಿತ್ತು, ನನಗೆ ಗೊತ್ತಿತ್ತು, ಹೆದರಿ ಸುಳ್ಳು ಹೇಳಿದೆ, ನೀವು ಕಳಿಸದಿದ್ದರೆ ನಾನು ಇಷ್ಟೂ ಉಳಿಯುತ್ತಿರಲಿಲ್ಲ. ಅವಳು ಪೂರ್ತಿ ಕೇಳಿದಳು. ಕೇಳಿ, ಹಲ್ಲಿಲ್ಲದ ಬಾಯಿಂದ ಸಣ್ಣಗೆ ನಕ್ಕು ನನ್ನ ಗಲ್ಲ ಮುಟ್ಟಿದಳು. "ನೀವು ಭಾಳ ಚಲೋರು. ಈ ಮುದುಕಿಗಿ ಸಮಾಧಾನ ಆಗ್ಲಿ ಅಂತ ಹೇಳ್ಲಿಕತ್ತೀರಿ. ಇರ್ಲಿ ಬಿಡ್ರೀ."

ಆಣೆ ಮಾಡಿದೆ. ಅದಕ್ಕೂ ನಕ್ಕಳು. ಏಳು ವರ್ಷ ತಡವಾಗಿ ಬಂದ ನಿಜ ಹೀಗಿರುತ್ತದೆ ನೋಡಿ, ಅದು ಒಳ್ಳೆಯತನದ ಸುಳ್ಳಿನ ಹಾಗೆ ಕಾಣುತ್ತದೆ. ನನಗೆ ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ, ನಾನೇ ಇರಗೊಟ್ಟಿರಲಿಲ್ಲ.

ಅಷ್ಟರಲ್ಲಿ ಮೂವರೂ ಇಳಿದು ಬಂದರು. ಅತ್ತೆ ಭೀಮಾಬಾಯಿಯನ್ನು ನೋಡಿ ಸೆರಗು ಎಳೆದುಕೊಂಡರು. ಗಿರೀಶ ನನ್ನ ತೋಳು ಹಿಡಿದು, "ಏಳು, ಹೋಗೂಣು" ಎಂದ. ನಾನು ಏಳಲಿಲ್ಲ. ಅಲ್ಲೇ, ಜನ ಓಡಾಡುವ ಮೆಟ್ಟಿಲ ಮೇಲೆ, ಇವಳಿಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದೆ.

ಗಿರೀಶ ಮೊದಲು ತಿಳಿಯದವನ ಹಾಗೆ ನೋಡಿದ. ಆಮೇಲೆ, "ಮೂರು ದಿನ?" ಎಂದ. "ಫ್ರಿಜ್ಜಿನ ಮ್ಯಾಲ ಚೀಟಿ ಇತ್ತಲ್ಲ. ಮೂರು ದಿನ ನೀ ಅದನ್ನ ಓದಕೋತ ಇದ್ದಿ?" ನಾನು ಹೌದೆಂದೆ. ಅವನ ಮುಖ ಬಿಳಿಚಿತು. "ನಾ ಈಕಿನ್ನ, ಈ ವಯಸ್ಸಿನಾಕಿನ್ನ, ಸಾಮಾನು ಬೀದಿಗೆ ಹಾಕಿ…" ಎಂದವನು ನನ್ನ ತೋಳು ಬಿಟ್ಟುಬಿಟ್ಟ. ಅಂಥ ಸಿಟ್ಟನ್ನು ನಾನು ಅವನಲ್ಲಿ ನೋಡಿರಲಿಲ್ಲ. ಅತ್ತೆ ಮೆಟ್ಟಿಲ ಮೇಲೆ ಕುಸಿದು ಕೂತರು.

ಭೀಮಾಬಾಯಿ ನನ್ನನ್ನು ನೋಡುತ್ತಿರಲಿಲ್ಲ. ಗಿರೀಶನ ಮುಖವನ್ನೇ ನೋಡುತ್ತಿದ್ದಳು. ನನ್ನ ಆಣೆ ಮಾಡದ ಕೆಲಸವನ್ನು ಅವನ ಸಿಟ್ಟು ಮಾಡಿತು. ಅವಳ ನಗು ಮೆಲ್ಲಗೆ ಹೋಯಿತು. "ಮೊದಲs ಸತ್ತಿತ್ತಾ?" ಎಂದಳು, ಯಾರಿಗೆಂದು ಇಲ್ಲ. ಗೋಣಿಚೀಲದಿಂದ ಬಲಗಾಲನ್ನು ಹೊರಗೆ ತೆಗೆದು ಬಿಸಿಲಿನ ಕಲ್ಲಿನ ಮೇಲೆ ಇಟ್ಟುಕೊಂಡಳು. ಬಿಸಿಲು ಕಾಣದೆ ಅದು ಬೇರೆ ಯಾರದೋ ಕಾಲಿನ ಹಾಗೆ ಬೆಳ್ಳಗಾಗಿತ್ತು. ಅದನ್ನು ಎರಡೂ ಕೈಯಿಂದ ಸವರಿಕೊಳ್ಳುತ್ತ, "ಮಗಳಿಗಿ ಇಡಬಹುದಿತ್ತಲ್ಲವ್ವ," ಎಂದಳು. "ಇಡಬಹುದಿತ್ತು." ಅಷ್ಟೆ. ನನಗೆ ಬೈಯಲಿಲ್ಲ. ಬೈದಿದ್ದರೆ ಕೇಳಿಸಿಕೊಂಡು ಬರುತ್ತಿದ್ದೆ.

ಇವತ್ತು ಮಂಗಳವಾರ. ಗಿರೀಶ ನನ್ನ ಜೊತೆ ಮಾತಾಡಿಲ್ಲ. ಅತ್ತೆ ಬಡಿಸುತ್ತಾರೆ, ಎದುರಿಗೆ ಕೂರುವುದಿಲ್ಲ. ಜಾನು ಮನೆಯಲ್ಲಿ ಏನಾಗಿದೆ ಎಂದು ಕೇಳಿದಳು, ಅಮ್ಮ ಒಂದು ತಪ್ಪು ಮಾಡಿದ್ದಾಳೆ ಎಂದು ಹೇಳಿದೆ. ಯಾವಾಗ ಸರಿಹೋಗುತ್ತದೆ ಎಂದಳು. ನನಗೆ ಗೊತ್ತಿಲ್ಲ. ನನ್ನ ತಪ್ಪನ್ನು ಭೀಮಾಬಾಯಿ ಹೊತ್ತದ್ದು ಏಳು ವರ್ಷ. ನನಗೆ ಇದು ಎರಡನೆಯ ದಿನ.